ಹಾಡಿಗೊಂದು ಕೆರೆ, ಕೆರೆಗೊಂದು ತೂಬು

ಅಂಗೈಯಗಲದ ಡಿಜಿಟಲ್ ರೆಕಾರ್ಡರ್ ಈಗ ಹಳ್ಳಿಯ ಹುಡುಗರ ಕೈಗೂ ಎಟುಕುತ್ತದೆ. ಸೂಳೆಕೆರೆ ಸುತ್ತಲಿನ ಭಜನೆ, ಡೊಳ್ಳು, ಗಣೆ, ತಾಂಡಾದ ಹಾಡುಗಳನ್ನು ಅವು ನಡೆಯುವ ಜಾಗದಲ್ಲೇ ಹಿಡಿದಿಡುವುದು ಹೇಗೆ? ಹಿಡಿದ ಮೇಲೆ ಮಾಡಬೇಕಾದ್ದೇನು?

ಶಿವರಾತ್ರಿಯ ಜಾಗರಣೆಗೆ ಭಜನೆ ಶುರುವಾಯಿತೆಂದರೆ ಸೂಳೆಕೆರೆ ಸೀಮೆಯ ಊರುಗಳಲ್ಲಿ ಮೂಡಣ ಕೆಂಪೇರುವವರೆಗೆ ಹಾರ್ಮೋನಿಯಂ ಮುಚ್ಚುವುದಿಲ್ಲ. ಮೊದಲ ಜಾವದಲ್ಲಿ ಹುಡುಗರ ಗದ್ದಲ, ಮೈಕಿನ ಕೀರಲು. ನಡುರಾತ್ರಿ ದಾಟಿ ಜನ ತೆಳುವಾದ ಮೇಲೆ ಹಿರಿಯರ ಗಂಟಲು ಬಿಚ್ಚುತ್ತದೆ, ಒಂದು ತತ್ವಪದ ಇನ್ನೊಂದನ್ನು ಎಳೆದು ತರುತ್ತದೆ. ಎದುರಿಗೆ ಕೂತವರ ಕೈಯಲ್ಲೆಲ್ಲ ಮೊಬೈಲು. ಆದರೆ ಮಾರನೆಯ ದಿನ ವಾಟ್ಸಾಪಿನಲ್ಲಿ ಬರುವುದು ಅರ್ಧ ನಿಮಿಷದ ತುಣುಕು. ತಾಳ ಕಿವಿಗೆ ರಾಚುತ್ತದೆ, ಪದ ಕೇಳಿಸುವುದಿಲ್ಲ, ಹಾಡಿದವರು ಯಾರೆಂದು ಬರೆದಿರುವುದಿಲ್ಲ. ಫೋನಿನ ಜಾಗ ತುಂಬಿದ ದಿನ ಅದೂ ಅಳಿಸಿಹೋಗುತ್ತದೆ.

ಹಾಡನ್ನು ಹಿಡಿಯುವ ಯಂತ್ರ ಇಷ್ಟು ಅಗ್ಗವಾಗಿ, ಇಷ್ಟು ಜನರ ಕೈಯಲ್ಲಿ ಹಿಂದೆಂದೂ ಇರಲಿಲ್ಲ. ಹಾಡುವ ಹಿರಿಯರು ಹೀಗೆ ಬೇಗಬೇಗ ಕಡಿಮೆಯಾದ ಕಾಲವೂ ಹಿಂದೆ ಇರಲಿಲ್ಲ. ಈ ಎರಡೂ ಒಟ್ಟಿಗೆ ಬಂದಿರುವ ಹೊತ್ತಿನಲ್ಲಿ ಒಂದು ಸಣ್ಣ ರೆಕಾರ್ಡರ್ ಏನು ಮಾಡಬಲ್ಲದು ಎಂಬುದನ್ನು ಸಾವಧಾನವಾಗಿ ನೋಡಬೇಕಾಗಿದೆ.

ನಾಲ್ಕು ತಾಲ್ಲೂಕು, ನಲವತ್ತು ದನಿ

ಚನ್ನಗಿರಿಯಿಂದ ಸುಮಾರು 20 ಕಿಲೋಮೀಟರ್ ದೂರದ ಸೂಳೆಕೆರೆಗೆ ಶಾಂತಿಸಾಗರ ಎಂಬ ಹೆಸರೂ ಇದೆ. ಎರಡು ಗುಡ್ಡಗಳ ನಡುವಿನ ಕಿರಿದಾದ ಸಂದಿಗೆ ಏರಿ ಹಾಕಿ ಹರಿದ್ರಾ ಹೊಳೆಯನ್ನು ನಿಲ್ಲಿಸಿದ ಈ ಕೆರೆಯ ಕಥೆಯೇ ಬಾಯಿಂದ ಬಾಯಿಗೆ ಬಂದದ್ದು. ರಾಜಕುಮಾರಿ ಶಾಂತವ್ವ, ಅವಳು ಮೆಚ್ಚಿ ಹೋದ ಸಿದ್ಧೇಶ್ವರ, ಮುನಿದ ತಂದೆ, ಕೊನೆಗೆ ಅವಳು ಕಟ್ಟಿಸಿದ ಕೆರೆ. ಕಥೆಯ ಎಲುಬು ಇಷ್ಟೇ. ಊರು ಬದಲಾದಂತೆ ಅದರ ಮೈ ಬದಲಾಗುತ್ತದೆ. ಯಾವ ಪಾಠ ಸರಿ ಎಂದು ಜಗಳಕ್ಕೆ ಕೂರುವ ಬದಲು, ಎಲ್ಲ ಪಾಠಗಳನ್ನೂ ಹೇಳುವವರ ದನಿಯಲ್ಲೇ ಕೂಡಿಡುವುದು ಲೇಸು.

1997ರ ಆಗಸ್ಟ್ 15ರಂದು ದಾವಣಗೆರೆ ಜಿಲ್ಲೆಯಾದಾಗ ಚನ್ನಗಿರಿ, ಹೊನ್ನಾಳಿ ಶಿವಮೊಗ್ಗದಿಂದ ಬಂದವು. ಜಗಳೂರು ಚಿತ್ರದುರ್ಗದಿಂದ ಬಂತು. ಆಮೇಲೆ ಹೊನ್ನಾಳಿಯಿಂದ ನ್ಯಾಮತಿ ಬೇರೆ ತಾಲ್ಲೂಕಾಯಿತು. ಹೀಗಾಗಿ ಈ ಸೀಮೆಯ ಹಾಡಿನ ನಕ್ಷೆಯೂ ಮಿಶ್ರ. ಪಶ್ಚಿಮಕ್ಕೆ ಅಡಿಕೆ ತೋಟ, ಭತ್ತದ ಗದ್ದೆ, ಮಲೆನಾಡಿನ ಸೆರಗು. ಡೊಳ್ಳು, ವೀರಗಾಸೆ, ಕೋಲಾಟ, ಸೋಬಾನೆ. ಪೂರ್ವದ ಜಗಳೂರಿಗೆ ಬಂದರೆ ಬಯಲುಸೀಮೆಯ ಒಣ ನೆಲ, ಗೊಲ್ಲರಹಟ್ಟಿಗಳು, ಬಯಲಾಟ. ಕಾಡುಗೊಲ್ಲರ ಜುಂಜಪ್ಪನ ಕಥೆಗೆ ಜತೆಯಾಗುವ ಗಣೆ ಎಂಬ ಉದ್ದನೆಯ ಬಿದಿರಿನ ಕೊಳಲಿನ ನಾದದಲ್ಲಿ ಊದುವವನ ಉಸಿರೂ ಬೆರೆತಿರುತ್ತದೆ. ಹಾರ್ನ್ ಸ್ಪೀಕರಿನ ಅಬ್ಬರದಲ್ಲಿ ಮೊದಲು ಸಾಯುವುದು ಆ ಉಸಿರು.

ಪಕ್ಕದ ಚಳ್ಳಕೆರೆ ತಾಲ್ಲೂಕಿನ ಗೊಲ್ಲರಹಟ್ಟಿಯೊಂದರಲ್ಲಿದ್ದ ಸಿರಿಯಜ್ಜಿಯನ್ನು ನೆನೆಯದೆ ಈ ಮಾತು ಮುಂದುವರಿಯದು. ಅಕ್ಷರ ಕಲಿಯದ ಆ ಅಜ್ಜಿಯ ನಾಲಿಗೆಯ ಮೇಲಿದ್ದ ಹಾಡಿನ ರಾಶಿಯನ್ನು ಜಾನಪದ ವಿದ್ವಾಂಸ ಕೃಷ್ಣಮೂರ್ತಿ ಹನೂರು ಸಂಗ್ರಹಿಸಿ ನಾಡಿನ ಮುಂದಿಟ್ಟರು. ಒಬ್ಬರು ಹೋಗಿ ಕೂತು ಕೇಳಿದ್ದರಿಂದ ಅಷ್ಟು ಉಳಿಯಿತು. ಯಾರೂ ಕೂತು ಕೇಳದ ಹಟ್ಟಿಗಳಲ್ಲಿ ಎಷ್ಟು ಹೋಯಿತೋ ಲೆಕ್ಕ ಇಟ್ಟವರಿಲ್ಲ.

ನ್ಯಾಮತಿ ತಾಲ್ಲೂಕಿನ ಸೂರಗೊಂಡನಕೊಪ್ಪ ಬಂಜಾರರ ಪಾಲಿಗೆ ಭಾಯಾಗಡ, ಸಂತ ಸೇವಾಲಾಲರ ಜನ್ಮಸ್ಥಳ. ಫೆಬ್ರುವರಿ 15ರ ಜಯಂತಿಗೆ ದೂರದ ರಾಜ್ಯಗಳಿಂದಲೂ ಮಾಲಾಧಾರಿಗಳು ಬಂದು ಸೇರುತ್ತಾರೆ. ನಗಾರಿ, ಕಂಚಿನ ತಟ್ಟೆ, ಗುಂಪಿನ ಭಜನ್ ಒಂದೇ ಬಯಲಲ್ಲಿ ಮೊಳಗುತ್ತವೆ. ಹೋಳಿಯ ಲೇಂಗಿ ಹಾಡುಗಳಿವೆ. ಮದುವೆಯಾಗಿ ತವರು ಬಿಡುವ ಹುಡುಗಿ ಅಳುತ್ತಲೇ ಹಾಡುವ ಢಾವಲೋ ಇದೆ. ಬಂಜಾರರ ಮಾತಾದ ಗೋರ್‌ಬೋಲಿಗೆ ಸ್ವಂತ ಲಿಪಿಯಿಲ್ಲ. ಕನ್ನಡ ಅಕ್ಷರದಲ್ಲಿ ಬರೆದುಕೊಂಡರೆ ಮಾತು ಸಿಗುತ್ತದೆ, ಅಳುವಿನ ಏರಿಳಿತ ಸಿಗುವುದಿಲ್ಲ. ಅಂಥ ಕಡೆ ರೆಕಾರ್ಡಿಂಗೇ ಪುಸ್ತಕ.

ಮೂರು ನಿಮಿಷದಿಂದ ಮುನ್ನೂರು ಗಂಟೆಗೆ

1902ರ ನವೆಂಬರಿನಲ್ಲಿ ಕೋಲ್ಕತ್ತದಲ್ಲಿ ಗೌಹರ್ ಜಾನ್ ಹಾಡಿದ್ದನ್ನು ಗ್ರಾಮಫೋನ್ ಕಂಪನಿಯ ಫ್ರೆಡ್ ಗೈಸ್‌ಬರ್ಗ್ ಮುದ್ರಿಸಿಕೊಂಡಾಗ ಒಂದು ತಟ್ಟೆಗೆ ಹಿಡಿಯುತ್ತಿದ್ದದ್ದು ಮೂರು ನಿಮಿಷದಷ್ಟು. ಗಂಟೆಗಟ್ಟಲೆ ಅರಳುವ ರಾಗವನ್ನು ಆ ಮೂರು ನಿಮಿಷಕ್ಕೆ ಮಡಚಬೇಕಿತ್ತು. ಅಂದಿನಿಂದ ಇಂದಿನವರೆಗಿನ ರೆಕಾರ್ಡಿಂಗ್ ಚರಿತ್ರೆಯೆಲ್ಲ ಎರಡು ಹಗ್ಗಗಳ ಜಗ್ಗಾಟ: ಹಾಡುಗಾರರನ್ನು ಯಂತ್ರದ ಬಳಿಗೆ ಕರೆಯುವುದೋ, ಯಂತ್ರವನ್ನು ಹಾಡಿನ ಬಳಿಗೆ ಒಯ್ಯುವುದೋ?

ಡಚ್ ವಿದ್ವಾಂಸ ಆರ್ನಾಲ್ಡ್ ಬಾಕೆ 1938ರಲ್ಲಿ ಯಂತ್ರವನ್ನೇ ಹೊತ್ತು ತಮಿಳುನಾಡು, ಕೇರಳ, ಕರ್ನಾಟಕದ ಭಾಗಗಳಲ್ಲಿ ತಿರುಗಿದರು. ನಝೀರ್ ಜೈರಾಜ್‌ಭಾಯ್ 1984ರಲ್ಲಿ ಅದೇ ಜಾಗಗಳಿಗೆ ಹೋಗಿ, ಬಾಕೆ ಹಿಡಿದ ಹಾಡುಗಳಲ್ಲಿ ಯಾವುದು ಉಳಿದಿದೆ, ಯಾವುದು ಬದಲಾಗಿದೆ ಎಂದು ವಿಚಾರಿಸಿದರು. ಹಳೆಯ ಧ್ವನಿಮುದ್ರಣ ಇದ್ದದ್ದರಿಂದಲೇ ಆ ಪ್ರಶ್ನೆ ಕೇಳಲು ಸಾಧ್ಯವಾಯಿತು.

1951ರಲ್ಲಿ ಸ್ಟೆಫಾನ್ ಕುಡೆಲ್‌ಸ್ಕಿ ರೂಪಿಸಿದ ನಾಗ್ರಾ, ಟೇಪ್ ರೆಕಾರ್ಡರನ್ನು ಹೆಗಲಿಗೆ ಏರಿಸಿತು. 1963ರಲ್ಲಿ ಫಿಲಿಪ್ಸ್ ತಂದ ಕ್ಯಾಸೆಟ್ ಅದನ್ನು ಮನೆಮನೆಗೆ ತಲುಪಿಸಿತು. ಕರಾವಳಿಯಲ್ಲಿ ಆದದ್ದು ಇದಕ್ಕೆ ಒಳ್ಳೆಯ ಸಾಕ್ಷಿ. ಬಡಗುತಿಟ್ಟು ಯಕ್ಷಗಾನದ ಭಾಗವತ ಗುಂಡ್ಮಿ ಕಾಳಿಂಗ ನಾವಡರು 1990ರಲ್ಲಿ ಅಪಘಾತದಲ್ಲಿ ತೀರಿಕೊಂಡಾಗ ಮೂವತ್ತರ ಆಸುಪಾಸು. ಇವತ್ತಿನ ಇಪ್ಪತ್ತರ ಹುಡುಗನೂ ಅವರ ಏರುಶ್ರುತಿಯ ಪದ ಕೇಳಿ ತಲೆದೂಗುತ್ತಾನೆ ಎಂದರೆ, ರಂಗಸ್ಥಳದ ಎದುರು ಕ್ಯಾಸೆಟ್ ರೆಕಾರ್ಡರ್ ಹಿಡಿದು ರಾತ್ರಿಯಿಡೀ ಕೂತ ಅಭಿಮಾನಿಗಳ ಪಾಲು ಅದರಲ್ಲಿ ದೊಡ್ಡದು. ಧಾರವಾಡದ ಕಡೆ ಮಲ್ಲಿಕಾರ್ಜುನ ಮನ್ಸೂರರ ಖಾಸಗಿ ಬೈಠಕ್‌ಗಳ ಕ್ಯಾಸೆಟ್‌ಗಳೂ ಹೀಗೆಯೇ ರಸಿಕರ ಕೈಯಿಂದ ಕೈಗೆ ದಾಟಿದವು.

ನಮ್ಮ ಸೀಮೆಯಲ್ಲಿ ಹಾಡು ಹಿಡಿದಿಡುವ ಕೆಲಸವನ್ನು ಬಹುಪಾಲು ಮಾಡಿದ್ದು ಭದ್ರಾವತಿ ಆಕಾಶವಾಣಿ. ಹಳ್ಳಿಯ ತಂಡಕ್ಕೆ ರೇಡಿಯೋದಲ್ಲಿ ಹಾಡುವುದೆಂದರೆ ಇಡೀ ಊರಿಗೇ ಹೆಮ್ಮೆ. ಆದರೆ ಸ್ಟುಡಿಯೋಗೆ ಗಡಿಯಾರವಿದೆ. ರಾತ್ರಿಯಿಡೀ ಹರಿಯುವ ಕಥನ ಅಲ್ಲಿ ಕಾರ್ಯಕ್ರಮದ ಅಳತೆಗೆ ಹೊಂದಿಕೊಳ್ಳಬೇಕು. ನಡುನಡುವೆ ‘ಭಲೆ’ ಎನ್ನುವ ಕೇಳುಗ ಇರುವುದಿಲ್ಲ, ಸೊಲ್ಲು ಎತ್ತಿಕೊಳ್ಳುವ ಸೊಸೆಯಂದಿರು ಇರುವುದಿಲ್ಲ.

ನಡೆಯುವ ಜಾಗದಲ್ಲೇ, ನಡೆಯುವಷ್ಟು ಹೊತ್ತೂ ಹಿಡಿದರೆ ಏನು ಸಿಗುತ್ತದೆ ಎಂಬುದಕ್ಕೆ ದಕ್ಷಿಣ ಕನ್ನಡದ ಸಿರಿ ಪಾಡ್ದನ ಸಾಕ್ಷಿ. 1990ರ ಡಿಸೆಂಬರಿನಲ್ಲಿ ಗೋಪಾಲ ನಾಯ್ಕರು ಹಾಡಿದ ತುಳು ಮಹಾಕಾವ್ಯವನ್ನು ಫಿನ್ಲೆಂಡಿನ ಲೌರಿ ಹೊಂಕೊ ಅವರು ಬಿ.ಎ. ವಿವೇಕ ರೈ, ಕೆ. ಚಿನ್ನಪ್ಪ ಗೌಡರ ಜತೆಗೂಡಿ ದಿನಗಟ್ಟಲೆ ಧ್ವನಿಮುದ್ರಿಸಿದರು. ಬರಹಕ್ಕಿಳಿಸಿದಾಗ ಅದು 15,683 ಸಾಲಿನ ಕಾವ್ಯವಾಯಿತು; 1998ರಲ್ಲಿ ಪುಸ್ತಕವಾಗಿ ಬಂತು. ‘ಹಳ್ಳಿ ಹಾಡೆಂದರೆ ನಾಲ್ಕು ನುಡಿ’ ಎಂದುಕೊಂಡವರಿಗೆ ಅದು ಕೊಟ್ಟ ಉತ್ತರ.

ಈಗ ಆ ಸಾಹಸಕ್ಕೆ ವಿದೇಶಿ ವಿಶ್ವವಿದ್ಯಾಲಯದ ನೆರವು ಬೇಕಿಲ್ಲ. 1987ರ ಡಿಜಿಟಲ್ ಟೇಪ್ ‘ಡ್ಯಾಟ್’, 1992ರ ಮಿನಿಡಿಸ್ಕ್ ದಾಟಿ 2006, 2007ರ ಹೊತ್ತಿಗೆ ಜೂಮ್ ಎಚ್4, ಎಚ್2ನಂಥ ಕೈಯಂತ್ರಗಳು ಬಂದವು. ಸೋನಿ, ಟ್ಯಾಸ್ಕ್ಯಾಂ ಕಂಪನಿಗಳೂ ಇಂಥವನ್ನು ತಂದವು. ಟೇಪಿನ ಹಂಗಿಲ್ಲ. ಮೈಕು ಯಂತ್ರದಲ್ಲೇ ಇದೆ. ಕಡಿಮೆ ಬೆಲೆಯ ಮಾದರಿಗಳು ಒಂದು ಸಾಧಾರಣ ಮೊಬೈಲಿನ ಬೆಲೆಗೆ ಸಿಗುತ್ತವೆ.

ಲೆಕ್ಕ ಸರಳ, ಅಳತೆ ಮುಖ್ಯ

ರೆಕಾರ್ಡರ್ ಕೊಂಡವರು ಮೊದಲು ಮಾಡುವ ತಪ್ಪು, ಜಾಗ ಉಳಿಸಲು ಎಂಪಿ3ರಲ್ಲಿ ಹಿಡಿಯುವುದು. ಎಂಪಿ3 ಕಿವಿಗೆ ಗೊತ್ತಾಗದೆಂದು ತಾನು ಬಗೆದ ಅಂಶಗಳನ್ನು ಕತ್ತರಿಸಿ ಎಸೆಯುತ್ತದೆ; ಎಸೆದದ್ದು ಮತ್ತೆ ಬರುವುದಿಲ್ಲ. ಮೂಲವನ್ನು ಡಬ್ಲ್ಯುಎವಿ ಫೈಲಾಗಿಯೇ ಹಿಡಿಯಬೇಕು. ಧ್ವನಿ ದಾಖಲೆಗಾರರ ಅಂತರರಾಷ್ಟ್ರೀಯ ಸಂಘ ಐಎಎಸ್‌ಎ ಹಳೆಯ ಟೇಪುಗಳನ್ನು ಡಿಜಿಟಲ್ ಮಾಡುವವರಿಗೆ ಹೇಳುವ ಕನಿಷ್ಠ ಅಳತೆ 24 ಬಿಟ್, 48 ಕಿಲೋಹರ್ಟ್ಸ್. ಹೊಸದಾಗಿ ಹಿಡಿಯುವವರೂ ಅದನ್ನೇ ಪಾಲಿಸಬಹುದು.

ಈ ಅಳತೆಯಲ್ಲಿ ಎರಡು ಚಾನೆಲ್ಲಿನ ಒಂದು ಗಂಟೆಯ ರೆಕಾರ್ಡಿಂಗಿಗೆ ಸುಮಾರು 1 ಜಿಬಿ ಬೇಕು. ರಾತ್ರಿ ಒಂಬತ್ತಕ್ಕೆ ಶುರುವಾಗಿ ಬೆಳಗಿನ ಆರಕ್ಕೆ ಮುಗಿಯುವ ಬಯಲಾಟಕ್ಕೆ 9 ಜಿಬಿ ಚಿಲ್ಲರೆ. 32 ಜಿಬಿ ಕಾರ್ಡಿನಲ್ಲಿ ಅಂಥ ಮೂರು ಆಟ ಹಿಡಿಸುತ್ತವೆ. ಸಾಮಾನ್ಯ ಡಬ್ಲ್ಯುಎವಿ ಫೈಲು 4 ಜಿಬಿಗಿಂತ ದೊಡ್ಡದಾಗಲಾರದ್ದರಿಂದ ಯಂತ್ರ ತಾನೇ ಫೈಲನ್ನು ತುಂಡು ಮಾಡಿಕೊಂಡು ಹೋಗುತ್ತದೆ. ಗಾಬರಿ ಬೇಡ, ತುಂಡುಗಳ ಕ್ರಮ ಕೆಡದಂತೆ ನೋಡಿಕೊಂಡರೆ ಸಾಕು.

ಎರಡನೆಯ ತಪ್ಪು, ಆಟೊ ಲೆವೆಲ್. ಸಭೆಯ ಮಾತುಗಳನ್ನು ಬರೆದುಕೊಳ್ಳಲು ಮಾಡಿದ ಈ ಸೌಲಭ್ಯ, ಡೊಳ್ಳಿನ ಪೆಟ್ಟು ಬಿದ್ದ ತಕ್ಷಣ ಎಲ್ಲ ಸದ್ದನ್ನೂ ಅದುಮುತ್ತದೆ, ಪೆಟ್ಟು ನಿಂತೊಡನೆ ಮೇಲಕ್ಕೆತ್ತುತ್ತದೆ. ಕೇಳುವಾಗ ಹಾಡುಗಾರ ಮುಳುಗಿ ಏಳುತ್ತಿರುವಂತೆ ಅನಿಸುತ್ತದೆ. ಅದನ್ನು ಬಂದ್ ಮಾಡಿ, ತಂಡ ಜೋರಾಗಿ ಬಾರಿಸುವ ಹೊತ್ತಿನಲ್ಲಿ ಲೆವೆಲ್ ಮೀಟರಿನ ಮುಳ್ಳು ಮೈನಸ್ 12 ಡೆಸಿಬೆಲ್ ಸುತ್ತ ನಿಲ್ಲುವಂತೆ ಕೈಯಾರೆ ಹೊಂದಿಸಬೇಕು. 24 ಬಿಟ್‌ನಲ್ಲಿ ಅಡಿಗೆ ಬೇಕಾದಷ್ಟು ಜಾಗವಿರುವುದರಿಂದ ಸಣ್ಣ ದನಿಯನ್ನು ಆಮೇಲೆ ಎತ್ತಿಕೊಳ್ಳಬಹುದು. ಶೂನ್ಯ ದಾಟಿ ಒಡೆದ ದನಿಯನ್ನು ಸರಿಪಡಿಸುವುದು ಕಷ್ಟ. 2019ರ ಜೂಮ್ ಎಫ್6, 2022ರ ಎಫ್3 ಮಾದರಿಗಳಲ್ಲಿ ಬಂದ 32 ಬಿಟ್ ಫ್ಲೋಟ್ ಈ ಚಿಂತೆಯನ್ನು ಬಹಳಷ್ಟು ತಗ್ಗಿಸಿದೆ. ಆದರೂ ಮೈಕೇ ತಡೆಯಲಾರದಷ್ಟು ಹತ್ತಿರ ಡೊಳ್ಳು ಬಡಿದರೆ ಯಾವ ಬಿಟ್ಟೂ ಕಾಯುವುದಿಲ್ಲ.

ಮೂರನೆಯದು ಜಾಗ. ಜಾತ್ರೆಯಲ್ಲಿ ಎಲ್ಲರಿಗೂ ಹೊಳೆಯುವುದು ಸ್ಪೀಕರಿನ ಮುಂದೆ ಯಂತ್ರ ಇಡುವುದು. ಅಲ್ಲಿ ಸಿಗುವುದು ಹಾರ್ನಿನ ದನಿ, ಮನುಷ್ಯನದಲ್ಲ. ಭಜನೆಗಾದರೆ ತಂಡದಿಂದ ಎರಡು ಮೂರು ಮೀಟರ್ ದೂರ, ತಲೆಗಿಂತ ತುಸು ಎತ್ತರ, ತಾಳದವರಿಗಿಂತ ಹಾಡುವವರಿಗೆ ಹತ್ತಿರ. ಗಣೆಗೆ ಇನ್ನೂ ಹತ್ತಿರ ಹೋಗಬೇಕು. ಮೈಕ್ ಸೆಟ್ ನಿಲ್ಲಿಸಿದ ಹೊತ್ತನ್ನೇ ಕಾದು ಕೂರಬೇಕು. ಡೊಳ್ಳಿಗೆ ಹಿಂದೆ ಸರಿಯಬೇಕು. ದೊಡ್ಡ ವೇದಿಕೆಯಾದರೆ ಸೌಂಡ್ ಸಿಸ್ಟಂನವರನ್ನು ವಿಶ್ವಾಸಕ್ಕೆ ತೆಗೆದುಕೊಂಡು ಮಿಕ್ಸರಿನಿಂದ ಒಂದು ವೈರ್ ಪಡೆಯಿರಿ. ಜತೆಗೆ ಯಂತ್ರದ ಮೈಕನ್ನೂ ತೆರೆದಿಡಿ. ಮಿಕ್ಸರಿನಲ್ಲಿ ಪದ ಸ್ಪಷ್ಟವಾಗಿರುತ್ತದೆ, ಮೈಕಿನಲ್ಲಿ ಜನವಿರುತ್ತದೆ.

ಇನ್ನು ಕೆರೆ ಏರಿಯ ಗಾಳಿ. ನೀರಿನ ಮೇಲಿಂದ ಬೀಸಿ ಬರುವ ಗಾಳಿ ಬರಿಗಿವಿಗೆ ಹಿತ. ಮೈಕಿಗೆ ಬಿದ್ದರೆ ಗುಡುಗು. ತುಪ್ಪಳದ ಮುಸುಕು ಹಾಕಿ, ಮಂದ್ರದ ಸದ್ದನ್ನು ಕತ್ತರಿಸುವ ‘ಲೋ ಕಟ್’ ಒತ್ತಿದರೆ ಬಹುಪಾಲು ತಗ್ಗುತ್ತದೆ. ಆದರೆ ಡೊಳ್ಳಿನ, ನಗಾರಿಯ ಮಂದ್ರ ಬೇಕಾದಾಗ ಲೋ ಕಟ್ ತೆಗೆಯಬೇಕು. ಜನರೇಟರಿನಿಂದ ದೂರ ನಿಲ್ಲಿ. ಮೊಬೈಲನ್ನು ಯಂತ್ರದ ಪಕ್ಕ ಇಡಬೇಡಿ. ಎಲ್ಲಕ್ಕಿಂತ ಮೊದಲು ಹೆಡ್‌ಫೋನ್ ಹಾಕಿಕೊಂಡು ಕೇಳಿ. ರೆಕಾರ್ಡರ್ ಇಲ್ಲದವರು ಮೊಬೈಲಿಗೇ ಒಂದು ಹೊರಮೈಕು ಸಿಕ್ಕಿಸಿ, ಫೋನನ್ನು ಏರೋಪ್ಲೇನ್ ಮೋಡಿಗೆ ಹಾಕಿ, ಡಬ್ಲ್ಯುಎವಿ ಹಿಡಿಯುವ ಆ್ಯಪ್ ಬಳಸಿದರೂ ಕೆಲಸ ಸಾಗುತ್ತದೆ.

ಕೇಳಿ ಹಿಡಿಯಿರಿ

ಅಮೆರಿಕದ ರಾಕ್ ಸಂಗೀತ ತಂಡ ಗ್ರೇಟ್‌ಫುಲ್ ಡೆಡ್ 1984ರಲ್ಲಿ ತನ್ನ ಕಛೇರಿಗಳಲ್ಲಿ ರೆಕಾರ್ಡ್ ಮಾಡುವವರಿಗೆಂದೇ ಜಾಗ ಮೀಸಲಿಟ್ಟಿತು. ಹಂಚಿಕೊಳ್ಳಬಹುದು, ಮಾರುವಂತಿಲ್ಲ ಎಂಬುದು ಅಲ್ಲಿನ ಕಟ್ಟಲೆ. ಅದರಿಂದ ತಂಡಕ್ಕೆ ನಷ್ಟವಾಗುವ ಬದಲು ಕೇಳುಗರು ಬೆಳೆದರು. ನಮ್ಮ ಅನೇಕ ಸಂಗೀತ ಸಭೆಗಳಲ್ಲಿ ರೆಕಾರ್ಡಿಂಗ್ ನಿಷಿದ್ಧ; ಅದಕ್ಕೂ ಕಾರಣವಿದೆ, ಅದನ್ನು ಗೌರವಿಸಬೇಕು. ಹಳ್ಳಿಯ ಹಾಡುಗಾರರ ಮುಂದೆ ಮಾತ್ರ ನಾವು ಅನುಮತಿ ಎಂಬ ಮಾತನ್ನೇ ಮರೆಯುತ್ತೇವೆ. ಅವರ ಹಾಡು ಊರಿನದು, ಊರಿನದೆಂದರೆ ಯಾರದೂ ಅಲ್ಲ ಎಂಬ ಧೋರಣೆ.

ಕಾನೂನು ಹಾಗೆ ಹೇಳುವುದಿಲ್ಲ. 1957ರ ಹಕ್ಕುಸ್ವಾಮ್ಯ ಕಾಯ್ದೆಗೆ 1994ರಲ್ಲಿ ಆದ ತಿದ್ದುಪಡಿ ಪ್ರದರ್ಶಕರಿಗೆ ಅವರದೇ ಹಕ್ಕು ಕೊಟ್ಟಿದೆ. ಈಗ ಅದರ ಅವಧಿ 50 ವರ್ಷ. ಪ್ರದರ್ಶಕರ ಪಟ್ಟಿಯಲ್ಲಿ ಗಾಯಕ, ವಾದಕರ ಜತೆ ದೊಂಬರಾಟದವರು, ಹಾವಾಡಿಗರೂ ಇದ್ದಾರೆ. ಸ್ವಂತಕ್ಕೆ ಕೇಳಲು, ಪಾಠಕ್ಕೆ, ಸಂಶೋಧನೆಗೆ ಹಿಡಿದುಕೊಂಡರೆ ಅಡ್ಡಿಯಿಲ್ಲ. ಒಪ್ಪಿಗೆಯಿಲ್ಲದೆ ಯೂಟ್ಯೂಬಿಗೆ ಹಾಕಿ ಹಣ ಮಾಡುವುದು ಬೇರೆ ಮಾತು.

ಕಾನೂನಿಗಿಂತ ಸೂಕ್ಷ್ಮವಾದದ್ದು ಮರ್ಯಾದೆ. ಢಾವಲೋ ಹಾಡುವ ಹುಡುಗಿಯ ಅಳು ಅವಳ ಮನೆಯವರದು. ಅದು ಸ್ಟೇಟಸ್ಸಿಗೆ ಹಾಕುವ ಸರಕಲ್ಲ. ಸೋಬಾನೆಯ ಹೆಂಗಸರು ಬೀಗರನ್ನು ಆಡಿಕೊಂಡು ಕಟ್ಟುವ ಪದಗಳು ಆ ಚಪ್ಪರದೊಳಗೇ ಚೆಂದ. ದೇವರ ಕೆಲವು ಹಾಡುಗಳು ಆ ಗಳಿಗೆಗೇ ಮೀಸಲು. ಹಿಡಿಯುವ ಮುನ್ನ ‘ಅಜ್ಜಿ, ಇದನ್ನ ಯಾರಿಗೆ ಕೇಳಿಸಬೋದು, ಯಾರಿಗೆ ಬ್ಯಾಡ?’ ಎಂದು ಕೇಳಬೇಕು; ಉತ್ತರವನ್ನೂ ರೆಕಾರ್ಡ್ ಮಾಡಿಕೊಳ್ಳಬೇಕು. ಸಂಭಾವನೆ ಕೊಡಬೇಕು. ವಾರದೊಳಗೆ ಒಂದು ಪೆನ್‌ಡ್ರೈವಿನಲ್ಲಿ ಪ್ರತಿ ತಲುಪಿಸಬೇಕು.

ಕಟ್ಟಿದರೆ ಸಾಲದು

ಸೂಳೆಕೆರೆ ಶತಮಾನಗಳಿಂದ ಊರುಗಳನ್ನು ಸಾಕುತ್ತಿರುವುದು ನೀರು ನಿಂತದ್ದರಿಂದ ಮಾತ್ರವಲ್ಲ. ಅದಕ್ಕೆ ಸಿದ್ಧನ ತೂಬು, ಬಸವನ ತೂಬು ಎಂಬ ಎರಡು ತೂಬುಗಳಿವೆ. ನೀರು ಗದ್ದೆಗೆ ಇಳಿಯುತ್ತದೆ. ನಮ್ಮ ರೆಕಾರ್ಡಿಂಗ್‌ಗಳಿಗೆ ತೂಬೇ ಇಲ್ಲ. ಯಾರದೋ ಬೀರುವಿನ ಕ್ಯಾಸೆಟ್ಟಿಗೆ ಬೂಸ್ಟು ಹಿಡಿದಿದೆ. ಸಂಶೋಧನಾ ವಿದ್ಯಾರ್ಥಿಯ ಹಾರ್ಡ್‌ಡಿಸ್ಕ್ ಪಿಎಚ್.ಡಿ. ಮುಗಿದ ಮೇಲೆ ಅಟ್ಟ ಸೇರಿದೆ. ಹಾಡಿದವರ ಮೊಮ್ಮಕ್ಕಳಿಗೆ ಅದು ಇದೆಯೆಂಬುದೇ ಗೊತ್ತಿಲ್ಲ.

ತೂಬೆಂದರೆ ಮೊದಲು ಹೆಸರು. ‘ವಾಯ್ಸ್ 0047’ ಎಂಬ ಫೈಲು ಹತ್ತು ವರ್ಷದ ನಂತರ ಯಾರಿಗೂ ಬೇಡ. ದಿನಾಂಕ, ಊರು, ತಾಲ್ಲೂಕು, ಸಂದರ್ಭ, ಹಾಡಿದವರು, ಹಾಡಿನ ಬಗೆ, ಹಿಡಿದವರು, ಒಪ್ಪಿಗೆಯ ವಿವರ: ಇಷ್ಟು ಒಂದು ನೋಟ್ ಪುಸ್ತಕದಲ್ಲೂ ಇರಲಿ, ಫೈಲಿನ ಜತೆಗೂ ಇರಲಿ. ಬರೆಯಲು ಬೇಸರವಾದರೆ ರೆಕಾರ್ಡಿಂಗಿನ ಮೊದಲಿಗೇ ಬಾಯಲ್ಲಿ ಹೇಳಿಬಿಡಿ.

ಎರಡನೆಯದು ಪ್ರತಿ. ಮೂರು ಪ್ರತಿ, ಎರಡು ಬಗೆಯ ಸಾಧನ, ಒಂದು ಪ್ರತಿ ಬೇರೆ ಊರಿನಲ್ಲಿ. ಮೆಮೊರಿ ಕಾರ್ಡು ಸಾಗಣೆಗೆ ಇರುವುದೇ ಹೊರತು ಸಂಗ್ರಹಕ್ಕಲ್ಲ.

ಮೂರನೆಯದು ಮನೆ. 1979ರಲ್ಲಿ ಕರ್ನಾಟಕ ಜಾನಪದ ಪರಿಷತ್ತನ್ನು ಕಟ್ಟಿದ ಎಚ್.ಎಲ್. ನಾಗೇಗೌಡರು ಊರೂರು ಸುತ್ತಿ ಕಲಾವಿದರ ದನಿ ಹಿಡಿದರು. ಅದಕ್ಕೆ ರಾಮನಗರದ ಜಾನಪದ ಲೋಕದಲ್ಲಿ ನೆಲೆ ಮಾಡಿದರು. ನಮಗೆ ಸಮೀಪದ ಹಾವೇರಿ ಜಿಲ್ಲೆಯ ಗೊಟಗೋಡಿಯಲ್ಲಿ ಜಾನಪದ ವಿಶ್ವವಿದ್ಯಾಲಯವಿದೆ, ತೋಳಹುಣಸೆಯಲ್ಲಿ ದಾವಣಗೆರೆ ವಿಶ್ವವಿದ್ಯಾಲಯವಿದೆ. ಹಳ್ಳಿಯ ಮಟ್ಟದಲ್ಲಿ ಗ್ರಾಮ ಪಂಚಾಯಿತಿಯ ಗ್ರಂಥಾಲಯ, ಅರಿವು ಕೇಂದ್ರಗಳಿವೆ. ಒಂದು ಪ್ರತಿ ಊರಿನ ಅರಿವು ಕೇಂದ್ರದಲ್ಲಿ, ಒಂದು ವಿಶ್ವವಿದ್ಯಾಲಯದಲ್ಲಿ, ಒಂದು ಹಾಡಿದವರ ಮನೆಯಲ್ಲಿ ಎಂದು ಗೊತ್ತು ಮಾಡಿಕೊಂಡರೆ ಹೊಸ ಕಟ್ಟಡವೂ ಬೇಡ, ಹೊಸ ಯೋಜನೆಯೂ ಬೇಡ.

ಹೊರಡುವ ಮುನ್ನ

• ಮೆಮೊರಿ ಕಾರ್ಡ್ ಖಾಲಿ ಮಾಡಿ, ಹಳೆಯದರ ಪ್ರತಿ ಆಗಿದೆಯೇ ಎಂದು ಎರಡು ಸಲ ನೋಡಿ.
• ಬ್ಯಾಟರಿ ಎರಡು ಜೊತೆ, ಒಂದು ಪವರ್ ಬ್ಯಾಂಕ್, ಹೆಡ್‌ಫೋನ್, ಸಣ್ಣ ಸ್ಟ್ಯಾಂಡು, ತುಪ್ಪಳದ ಮುಸುಕು, ಧೂಳಿಗೊಂದು ಬಟ್ಟೆ.
• ಸೆಟ್ಟಿಂಗ್: ಡಬ್ಲ್ಯುಎವಿ, 24 ಬಿಟ್, 48 ಕಿಲೋಹರ್ಟ್ಸ್, ಆಟೊ ಲೆವೆಲ್ ಬಂದ್.
• ಯಂತ್ರವನ್ನು ಕೈಯಲ್ಲಿ ಹಿಡಿಯಬೇಡಿ; ಬೆರಳಿನ ಸರಸರವೂ ದಾಖಲಾಗುತ್ತದೆ.
• ಹಾಡು ಮುಗಿದ ಕೂಡಲೇ ನಿಲ್ಲಿಸಬೇಡಿ. ಆಮೇಲೆ ಹಾಡುಗಾರರು ಆಡುವ ಮಾತಿನಲ್ಲೇ ಹಾಡಿನ ಹಿನ್ನೆಲೆ ಇರುತ್ತದೆ.
• ಮನೆಗೆ ಬಂದ ದಿನವೇ ಹೆಸರು ಬರೆದು ಪ್ರತಿ ಮಾಡಿ.

ಈ ಸೀಮೆಯ ಪ್ರತಿ ಊರಿನ ಜಾತ್ರಾ ಸಮಿತಿಗೂ ಒಂದು ಖರ್ಚಿನ ಪಟ್ಟಿ ಇರುತ್ತದೆ. ಶಾಮಿಯಾನ, ಮೈಕ್ ಸೆಟ್, ಹೂವು, ಪಟಾಕಿ, ದಾಸೋಹ. ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರಿನ ಯುವಕ ಸಂಘ, ಮಹಿಳಾ ಸಂಘ, ಶಾಲೆಯ ಮೇಷ್ಟ್ರುಗಳಲ್ಲಿ ಕೇಳಿಕೊಳ್ಳುವುದು ಇಷ್ಟೇ: ಮುಂದಿನ ಜಾತ್ರೆಯ ಪಟ್ಟಿಗೆ ‘ರೆಕಾರ್ಡಿಂಗ್’ ಎಂದು ಇನ್ನೊಂದು ಸಾಲು ಸೇರಿಸಿ. ಒಂದು ಯಂತ್ರ ಕೊಳ್ಳಿ, ಇಬ್ಬರು ಹುಡುಗ ಹುಡುಗಿಯರಿಗೆ ಅದರ ಹೊಣೆ ಕೊಡಿ, ಅವರ ಹೆಸರನ್ನೂ ಕರಪತ್ರದಲ್ಲಿ ಹಾಕಿಸಿ. ಊರಿನಲ್ಲಿ ಹಾಡಬಲ್ಲ ಹಿರಿಯರ ಪಟ್ಟಿ ಮಾಡಿ, ವಯಸ್ಸಿನಲ್ಲಿ ಎಲ್ಲರಿಗಿಂತ ದೊಡ್ಡವರ ಮನೆಗೆ ಮೊದಲು ಹೋಗಿ.